ಅವ್ವನ ಮಾರ್ಕ್ಸು

ಉಷಾರಾಣಿಯನ್ನು ಏನು ಕೇಳಿದರೂ ಬರುವ ಉತ್ತರ ಒಂದೇ: 'ಏನಿಲ್ಲ.' ಕಾಲು ನೋವಾ ಎಂದರೆ ಏನಿಲ್ಲ, ಹಸಿವಾ ಎಂದರೆ ಏನಿಲ್ಲ, ಕೋಪವಾ ಎಂದರೂ ಏನಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ದಿನ ಶಾಲೆಯ ಹುಡುಗಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರೆ, ಇವಳು ಚಪ್ಪಲಿಯ ಕಿತ್ತ ಬಾರಿಗೆ ಪಿನ್ನು ಹಾಕುತ್ತ ಕೂತಿದ್ದಳಂತೆ. ಹೆಡ್ ಮೇಷ್ಟ್ರು 'ಖುಷಿ ಇಲ್ವೇನಮ್ಮ?' ಎಂದಾಗಲೂ 'ಏನಿಲ್ಲ ಸರ್' ಎಂದಳು. ಅದು ಸೊಕ್ಕು ಎಂದರು ಕೆಲವರು, ಸಂಕೋಚ ಎಂದರು ಇನ್ನು ಕೆಲವರು. ಎರಡೂ ಅಲ್ಲ. ಯಾರಾದರೂ ಕೇಳಿದಾಗ ಅವಳು ಪ್ರಾಮಾಣಿಕವಾಗಿ ತನ್ನೊಳಗೆ ಒಮ್ಮೆ ಹುಡುಕಿ ನೋಡುತ್ತಿದ್ದಳು. ಹೇಳುವಂಥದ್ದೇನೂ ಸಿಗುತ್ತಿರಲಿಲ್ಲ, ಅಷ್ಟೇ.

ಆ ಮಾತು ಅವಳಿಗೆ ಬಂದದ್ದು ಅವ್ವ ಗುರುಶಾಂತಮ್ಮನಿಂದ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯಲ್ಲಿ ಇಳಿದು ಮೂರು ಕಿಲೋಮೀಟರು ಒಳಗೆ ನಡೆದರೆ ಅವರ ಊರು. ನಲವತ್ತು ಮನೆ, ಇಪ್ಪತ್ತೆರಡು ಬ್ಯಾರನ್ನು. ಹಸಿ ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಎತ್ತರದ ಗೋಡೆಯ ಮನೆಗೆ ಆ ಸೀಮೆಯಲ್ಲಿ ಬ್ಯಾರನ್ನು ಎನ್ನುತ್ತಾರೆ. ಬೆಂಕಿ ನೋಡಿಕೊಳ್ಳುವುದು ಗಂಡಸರ ಕೆಲಸ, ಹೊಲದಲ್ಲಿ ಸೊಪ್ಪು ಮುರಿದು ತಂದು ಕಡ್ಡಿಗೆ ಕಟ್ಟುವುದು ಹೆಂಗಸರ ಕೆಲಸ. ಗುರುಶಾಂತಮ್ಮ ಮದುವೆಯಾಗಿ ಬಂದ ವರ್ಷದಿಂದ ಇವತ್ತಿನವರೆಗೆ, ಇಪ್ಪತ್ತಾರು ಮಳೆಗಾಲ, ಸೊಪ್ಪಿನ ರಾಶಿಯ ಮುಂದೆ ಕಾಲು ಚಾಚಿ ಕೂತಿದ್ದಾಳೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಮಾಡಿದವನು ಹೊಗೆಸೊಪ್ಪು ಮುಟ್ಟಿದವನಲ್ಲ. ಈ ಸೊಪ್ಪಿನ ಅಂಟು ಕರ್ರಗೆ ಕೈಗೆ ಮೆತ್ತಿದರೆ ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದು, ಆ ಕೈಯಲ್ಲಿ ಉಂಡರೆ ಮೊಸರೂ ಕಹಿ.

ಉಷಾ ಒಂಬತ್ತು ವರ್ಷದವಳಿದ್ದಾಗ ಮೊದಲ ಸಲ ಮಳೆಯಲ್ಲಿ ನೆಂದ ಸೊಪ್ಪು ಹೊತ್ತು ತಂದಳು. ಅರ್ಧ ಗಂಟೆಯಲ್ಲಿ ತಲೆ ಗಿರ್ರೆಂದು ಎರಡು ಸಲ ವಾಂತಿ ಮಾಡಿಕೊಂಡಳು. ಅವ್ವ ಗಾಬರಿಯಾಗಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು, 'ಸೊಪ್ಪಿನ ಅಮಲು ಕಣವ್ವ. ಎಲ್ರಿಗೂ ಮೊದುಲ್ನೆ ಸಲ ಅಂಗೇ ಆಗದು. ಆಮ್ಯಾಕೆ ಏನಿಲ್ಲ' ಎಂದಳು. ನಿಜ, ಆಮೇಲೆ ಏನೂ ಆಗಲಿಲ್ಲ. ಎರಡನೇ ವರ್ಷಕ್ಕೆ ತಲೆ ತಿರುಗುವುದು ನಿಂತಿತು, ಮೂರನೇ ವರ್ಷಕ್ಕೆ ವಾಸನೆಯೂ ತಿಳಿಯದಾಯಿತು.

ಅವಳು ಓಟಗಾರ್ತಿಯಾದದ್ದೂ ಸೊಪ್ಪಿನಿಂದಲೇ. ಹೈಸ್ಕೂಲಿಗೆ ಹೋಗುವ ಬಸ್ಸು ಮುಖ್ಯರಸ್ತೆಗೆ ಎಂಟೂ ಹತ್ತಕ್ಕೆ ಬರುತ್ತಿತ್ತು. 'ಇದೊಂದು ಕಡ್ಡಿ ಕಟ್ಬುಟ್ಟು ಓಗು' ಎಂದು ಅವ್ವ ಎಂಟಕ್ಕೆ ಹತ್ತು ನಿಮಿಷದವರೆಗೂ ಬಿಡುತ್ತಿರಲಿಲ್ಲ. ಉಳಿದ ಹೊತ್ತಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮೂರು ಕಿಲೋಮೀಟರು ಓಡಬೇಕು. ಮೂರು ವರ್ಷದಲ್ಲಿ ಒಂದು ದಿನವೂ ಬಸ್ಸು ತಪ್ಪಲಿಲ್ಲ. ಹಾಗೆ ಓಡಿ ಬಂದು ಬಸ್ಸು ಹತ್ತಿ, ಏದುಸಿರೂ ಇಲ್ಲದೆ ಕಂಬಿ ಹಿಡಿದು ನಿಂತವಳನ್ನು ಒಂದು ದಿನ ಮಹದೇವಪ್ರಸಾದ್ ಮೇಷ್ಟ್ರು ನೋಡಿದರು. ಅವರು ನಿವೃತ್ತ ಪಿ.ಟಿ. ಮೇಷ್ಟ್ರು, ಪಿರಿಯಾಪಟ್ಟಣದ ಕಡೆಯವರು. ಹುಣಸೂರಿನ ಮೈದಾನದಲ್ಲಿ ಹುಡುಗಿಯರಿಗೆ ಬಿಟ್ಟಿಯಾಗಿ ಓಟ ಕಲಿಸುತ್ತಿದ್ದರು, ಹೆಂಡತಿಯಿಂದ ಅದಕ್ಕಾಗಿ ಬೈಸಿಕೊಳ್ಳುತ್ತಲೂ ಇದ್ದರು. ಪಿಯುಸಿ ಮುಗಿಯುವ ಹೊತ್ತಿಗೆ ಉಷಾ ಐದು ಸಾವಿರ ಮೀಟರಿನಲ್ಲಿ ಜಿಲ್ಲೆಗೆ ಎರಡನೆಯವಳಾಗಿದ್ದಳು.

ಇಪ್ಪತ್ತು ತುಂಬಿದ ವರ್ಷ, ಜುಲೈ ತಿಂಗಳಲ್ಲಿ, ಮೇಷ್ಟ್ರು ಒಂದು ರಟ್ಟಿನ ಡಬ್ಬ ತಂದರು. ಒಳಗೆ ಆರು ವಾಚು. ಮೈಸೂರಿನ ಒಂದು ಖಾಸಗಿ ಓಟದ ತರಬೇತಿ ಕೇಂದ್ರ ಕಳಿಸಿದ್ದು. ಅಲ್ಲಿ ಸೀಟು ಸಿಕ್ಕಿದರೆ ವರ್ಷವಿಡೀ ಇರಲು ಜಾಗ, ಊಟ, ಶೂ ಎಲ್ಲ ಅವರದ್ದೇ. ಅಲ್ಲಿ ಓಡಿದ ಹುಡುಗಿಯರು ಪೊಲೀಸಿಗೆ, ರೈಲ್ವೆಗೆ ಕ್ರೀಡಾ ಕೋಟಾದಲ್ಲಿ ಸೇರಿಕೊಂಡದ್ದನ್ನು ಉಷಾ ಕೇಳಿದ್ದಳು.

'ನೋಡ್ರಮ್ಮ,' ಎಂದರು ಮೇಷ್ಟ್ರು. 'ನಲವತ್ತು ದಿನ ಇದನ್ನ ಕೈಯಿಂದ ಬಿಚ್ಚಂಗಿಲ್ಲ. ನೀವು ಮಲಗಿದ್ದಾಗ ಎದೆ ಎಂಗೆ ಬಡೀತದೆ ಅಂತ ಇದು ಎಣಿಸ್ತದೆ. ಬೆಳಿಗ್ಗೆ ಎದ್ರೆ ನೂರಕ್ಕೆ ಇಷ್ಟು ಅಂತ ಒಂದು ನಂಬರ್ ಕೊಡ್ತದೆ, ನನ್ನ ಫೋನಿಗೂ ಕಳಿಸ್ತದೆ. ನಿನ್ನೆ ಓಡಿದ ಸುಸ್ತು ಎಷ್ಟು ಇಳಿದಿದೆ ಅನ್ನೋದು ಆ ನಂಬರ್. ಅರವತ್ತೇಳರ ಮೇಲೆ ಬಂದ್ರೆ ಹಸಿರು, ಓಡಿ. ಮೂವತ್ನಾಲ್ಕರ ಕೆಳಗೆ ಬಂದ್ರೆ ಕೆಂಪು, ಅವತ್ತು ರೆಸ್ಟ್. ಮಧ್ಯ ಹಳದಿ, ನಿಧಾನ ಓಡಿ. ನಲವತ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪು ಬಂದವರನ್ನ ಅವರು ತಗಳಲ್ಲ. ನಿಮ್ಮ ಆರು ಜನದಲ್ಲಿ ಇಬ್ರಿಗೆ ಸೀಟು.'

ಜೊತೆಗೆ ಒಂದೊಂದು ನೋಟ್‌ಬುಕ್ಕು. ವಾಚು ನೋಡುವ ಮೊದಲೇ, ಮೈ ಹೇಗನ್ನಿಸುತ್ತಿದೆ ಎಂದು ಹತ್ತಕ್ಕೆ ಇಷ್ಟು ಎಂದು ಬರೆಯಬೇಕು. ಪಕ್ಕದ ಕಾಲಮಿನಲ್ಲಿ, ಓಟ ಬಿಟ್ಟು ಬೇರೆ ಏನಾದರೂ ವ್ಯಾಯಾಮ ಮಾಡಿದ್ದರೆ ಅದು. ಗಡಿಯಾರದ ಮಾತಿಗೂ ಓಡುವವರ ಮಾತಿಗೂ ತಾಳೆಯಾಗುತ್ತದೋ ಇಲ್ಲವೋ ಎಂಬುದು ಕೇಂದ್ರದವರಿಗೆ ಬೇಕಿದ್ದ ವಿಷಯ.

ತಾಳೆಯಾಗಲಿಲ್ಲ. ಅದರಲ್ಲೂ ಇಬ್ಬರಿಗೆ ಅವರವರ ವಾಚಿನ ಜೊತೆ ಎಣ್ಣೆ ಸೀಗೇಕಾಯಿ. ಒಬ್ಬಳು ಫಿರ್ದೋಸ್, ಹುಣಸೂರು ಪೇಟೆಯ ಮರಗೆಲಸದ ನಜೀರ್ ಸಾಬರ ಮಗಳು, ಉಷಾಳ ಗೆಳತಿ. ಅವಳು ಮೈದಾನಕ್ಕೆ ಬರುವಾಗಲೇ ನರಳುತ್ತ ಬರುವ ಪೈಕಿ. 'ಅಯ್ಯೋ ಅಲ್ಲಾ, ಸೊಂಟ ಬಿದ್ದೋಯ್ತು ಸರ್, ಇವತ್ತು ನನ್ ಕೈಲಾಗಲ್ಲ' ಎಂದು ಹತ್ತಕ್ಕೆ ಎರಡು ಬರೆಯುವಳು. ವಾಚು ನೋಡಿದರೆ ತೊಂಬತ್ತೊಂದು, ಗಿಳಿಹಸಿರು. ಇನ್ನೊಬ್ಬಳು ಉಷಾರಾಣಿ. ದಿನವೂ ಹತ್ತಕ್ಕೆ ಐದು ಬರೆಯುವಳು, ಹೆಚ್ಚಿಲ್ಲ ಕಡಿಮೆ ಇಲ್ಲ. ವಾಚು ನೋಡಿದರೆ ಇಪ್ಪತ್ತೆರಡು. ಹದಿನೆಂಟು. ಮೂವತ್ತು. ಕೆಂಪೋ ಕೆಂಪು.

'ಉಷಾರಾಣಿಗೆ ಉಷಾರಿಲ್ಲ!' ಎಂದು ಫಿರ್ದೋಸ್ ಕೈತಟ್ಟಿ ನಗುವಳು.

'ಏನಮ್ಮ, ಜ್ವರ ಇದೆಯಾ? ನಿದ್ದೆ ಬತ್ತಿಲ್ವಾ? ಮನೇಲಿ ಏನಾದ್ರೂ ಗಲಾಟೆಯಾ?' ಎಂದು ಮೇಷ್ಟ್ರು.

'ಏನಿಲ್ಲ ಸರ್. ಚೆನ್ನಾಗೇ ಇವ್ನಿ.'

'ಚೆನ್ನಾಗಿದ್ರೆ ಇದ್ಯಾಕೆ ಹಿಂಗೆ ಹೇಳ್ತದೆ? ಹೋಗು, ಇವತ್ತು ನಾಳೆ ರೆಸ್ಟ್ ಮಾಡು.'

ಉಷಾ ರೆಸ್ಟ್ ಮಾಡಲು ಊರಿಗೆ ಹೋಗುವಳು. ಈಗ ಇಲ್ಲಿ ಒಂದು ಮಾತು ಹೇಳಬೇಕು. ಆ ಸೀಮೆಯಲ್ಲಿ ರೆಸ್ಟ್ ಎಂದರೆ ಓಟಕ್ಕೆ ರಜೆ ಎಂದು ಅರ್ಥವೇ ಹೊರತು ಕೈಗೆ ರಜೆ ಎಂದಲ್ಲ. ಓಟವಿದ್ದ ದಿನ ಉಷಾ ಮಧ್ಯಾಹ್ನದ ಮೇಲೆ ಮಾತ್ರ ಸೊಪ್ಪು ಕಟ್ಟುತ್ತಿದ್ದಳು. ರೆಸ್ಟ್ ಎಂದ ಮೇಲೆ ಮರುದಿನ ಬೆಳಗಿನ ಬಸ್ಸೂ ಇಲ್ಲ, ಆದ್ದರಿಂದ ನಸುಕಿಗೇ ಅವ್ವನ ಜೊತೆ ಹೊಲಕ್ಕಿಳಿದು, ಮಂಜಿನಲ್ಲೋ ಮಳೆಯಲ್ಲೋ ತೊಯ್ದ ಸೊಪ್ಪು ಮುರಿದು, ಕಂಕುಳಲ್ಲಿ ಅವುಚಿಕೊಂಡು ತರುತ್ತಿದ್ದಳು. ರವಿಕೆ, ತೋಳು, ಕತ್ತು ಎಲ್ಲ ಸೊಪ್ಪಿನ ನೀರು. ಮರುದಿನ ವಾಚು ಇನ್ನೂ ಕೆಂಪು. ಮೇಷ್ಟ್ರು ಇನ್ನೊಂದು ರೆಸ್ಟು. ಹಾಗೆ ಗಡಿಯಾರ ಕೊಟ್ಟ ರಜೆಯಲ್ಲೇ ಗಡಿಯಾರಕ್ಕೆ ಬೇಡವಾದದ್ದು ನಡೆಯುತ್ತಿತ್ತು. 'ಬೇರೆ ವ್ಯಾಯಾಮ' ಎಂಬ ಕಾಲಮಿನಲ್ಲಿ ಅವಳು ದಿನವೂ 'ಇಲ್ಲ' ಎಂದು ಬರೆದಳು. ಸುಳ್ಳು ಬರೆಯಬೇಕೆಂದಲ್ಲ. ಮನೆಯ ಸೊಪ್ಪು ಕಟ್ಟುವುದನ್ನು ವ್ಯಾಯಾಮ ಎಂದು ಬರೆದರೆ ಉಸಿರಾಡಿದ್ದನ್ನೂ ಬರೆಯಬೇಕಾಗುತ್ತದೆ.

ಹದಿನಾರು ದಿನದಲ್ಲಿ ಹದಿನೈದು ಕೆಂಪು. ಇನ್ನು ಐದೇ ಐದು ಬಾಕಿ, ಅದಕ್ಕೆ ಒಂದು ಹೆಚ್ಚಾದರೂ ಸೀಟು ಹೋಯಿತು. ಜನ್ಮದಲ್ಲಿ ಇದು ಬೇಕು ಎಂದು ಅವಳು ಕೇಳಿಕೊಂಡದ್ದು ಇದೊಂದನ್ನೇ. ಅವ್ವ ಕೂತ ಜಾಗದಲ್ಲಿ ತಾನು ಕೂರಬಾರದು. ಅದಕ್ಕೆ ಅವಳ ಬಳಿ ಇದ್ದದ್ದು ಎರಡು ಕಾಲು, ಆ ಕಾಲನ್ನು ಓಡಲು ಬಿಡದೆ ಕೈಮೇಲಿನ ಒಂದು ಗಾಜಿನ ಬಿಲ್ಲೆ ತಡೆದು ನಿಲ್ಲಿಸಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ಅಪ್ಪ ಸಿದ್ದಮಲ್ಲಪ್ಪ ಮಾತ್ರ ವಾಚಿನ ಮೇಲೆ ಕೆಂಡವಾದ. 'ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮೀ? ನಿನ್ ಮೈ ಎಂಗದೆ ಅನ್ನೋದು ನಿಂಗೊತ್ತಿಲ್ವಾ, ಅದ್ಕೊತ್ತಾ?' ಎಂದ. ಉಷಾ ಯೋಚಿಸಿದಳು. ನೋಟ್‌ಬುಕ್ಕಿನಲ್ಲಿ ಮಾತ್ರ ಮತ್ತೆ ಐದೇ ಬರೆದಳು.

ಗುಟ್ಟು ಬಿಡಿಸಿದ್ದು ಫಿರ್ದೋಸ್. ಅದೂ ಬುದ್ಧಿಯಿಂದಲ್ಲ, ಹೊಟ್ಟೆಯಿಂದ. ಒಂದು ಭಾನುವಾರ ಉಷಾಳ ಊರು ನೋಡಬೇಕೆಂದು ಬಸ್ಸಿಳಿದು ಬಂದಳು. ಗುರುಶಾಂತಮ್ಮ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಕೊಟ್ಟಳು. ತಿಂದ ಮೇಲೆ ಸುಮ್ಮನೆ ಕೂರುವುದು ಹೇಗೆಂದು ಫಿರ್ದೋಸ್ ಸೊಪ್ಪಿನ ರಾಶಿಯ ಮುಂದೆ ಕೂತು, ಮೂರು ಮೂರು ಎಲೆ ಹಿಡಿದು ದಾರ ಸುತ್ತಿ ಕಟ್ಟುವುದನ್ನು ಕಲಿತಳು. ಬೆಳಿಗ್ಗೆ ಮಳೆ ಬಂದು ಸೊಪ್ಪು ತೊಪ್ಪೆಯಾಗಿತ್ತು. ಒಂದು ಗಂಟೆಯಾಗುವಷ್ಟರಲ್ಲಿ ಅವಳ ತುಟಿ ಬಿಳಿಚಿಕೊಂಡಿತು. ಎದ್ದವಳು ಬಾಗಿಲು ದಾಟುವ ಮೊದಲೇ ರೊಟ್ಟಿ ಚಟ್ನಿ ಎಲ್ಲ ಕಾರಿಕೊಂಡಳು. ಗುರುಶಾಂತಮ್ಮ ಮಜ್ಜಿಗೆ ತಂದಳು. 'ಅಮಲು ಕಣವ್ವ, ಏನಿಲ್ಲ' ಎಂದಳು.

ಮರುದಿನ ಫಿರ್ದೋಸಳ ವಾಚು ಇಪ್ಪತ್ತಾರು ತೋರಿಸಿತು. ಜನ್ಮದಲ್ಲಿ ಕೆಂಪು ಕಾಣದವಳು. ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಒಂದು ಎಂದು ಬರೆದು, ಬೇರೆ ವ್ಯಾಯಾಮದ ಕಾಲಮಿನಲ್ಲಿ ದಪ್ಪ ಅಕ್ಷರದಲ್ಲಿ 'ಉಷಾ ಮನೇಲಿ ಸೊಪ್ಪು ಕಟ್ಟಿದ್ದು, ಸಾಯಂಗಾಯ್ತು' ಎಂದು ಬರೆದಳು.

ಮಹದೇವಪ್ರಸಾದ್ ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ಉಷಾಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಉಗುರಿನ ಸಂದಿಯೆಲ್ಲ ಕಪ್ಪು. ಮೈದಾನದ ಕಟ್ಟೆಯ ಮೇಲೆ ಕುಸಿದು ಕೂತು ಹಣೆ ಚಚ್ಚಿಕೊಂಡರು.

'ನಾನೂ ಬ್ಯಾರನ್ ಮನೇಲೇ ಹುಟ್ಟಿದವನು ಕಣಮ್ಮ. ನಂಗೇ ಹೊಳೀಲಿಲ್ವಲ್ಲ. ಬೀಡಿ ಸೇದೋನಿಗೆ ಬಾಯಿಂದ ಹೋಗೋ ವಿಷ ನಿಂಗೆ ಚರ್ಮದಿಂದ ಹೋಗ್ತಾ ಅದೆ. ಎದೆ ರಾತ್ರಿಯೆಲ್ಲ ಹೊಡ್ಕತದೆ. ನಿಂಗೆ ಗೊತ್ತಾಯ್ತಿಲ್ಲ, ಅಷ್ಟೇ. ಇವತ್ತಿಂದ ಸೊಪ್ಪು ಮುಟ್ಬೇಡ. ಮುಟ್ಟಿದ್ರೆ ಸೀಟು ಇಲ್ಲ.'

ಮನೆಯಲ್ಲಿ ಈ ಮಾತು ಹೇಳಲು ಉಷಾಗೆ ಎರಡು ದಿನ ಬೇಕಾಯಿತು, ಆ ಎರಡು ದಿನವೂ ಕೆಂಪೇ ಬಂತು. ಹೊಲದಲ್ಲಿ ಸೊಪ್ಪು ಹಣ್ಣಾಗಿ ನಿಂತಿದೆ. ಈ ವಾರ ಮುರಿಯದಿದ್ದರೆ ಮುಂದಿನ ವಾರ ಅದು ಕಸ. ಕೂಲಿಗೆ ಆಳು ಸಿಗುವ ಕಾಲವಲ್ಲ, ಎಲ್ಲರ ಹೊಲದಲ್ಲೂ ಅದೇ ಅವಸರ. ಅಪ್ಪ ಬೆಂಕಿ ಬಿಟ್ಟು ಏಳುವಂತಿಲ್ಲ. ಕೊನೆಗೆ ಹೇಳಿದಳು. ಗುರುಶಾಂತಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ.

'ಅಷ್ಟೇಯಾ? ಬುಡು, ನೀನು ಮುಟ್ಬ್ಯಾಡ. ನಿನ್ ಪಾಲ್ದೂ ನಾನೇ ಮಾಡ್ತೀನಿ. ನಂಗೇನಾಯ್ತದೆ?'

ಹಾಗೆ ಇಬ್ಬರ ಕೆಲಸ ಒಬ್ಬಳ ಕೈಗೆ ಬಿತ್ತು. ಉಷಾ ಹೊರಜಗಲಿಯಲ್ಲಿ ಮಲಗಿದಳು, ಬೇರೆ ಟವೆಲು, ಬೇರೆ ಚೊಂಬು. ಮಡಿ ಮಾಡುವ ಮುದುಕಿಯಂತೆ ಸೊಪ್ಪಿನ ರಾಶಿಯಿಂದ ದೂರ ಸುತ್ತಿಕೊಂಡು ಓಡಾಡಿದಳು. ಒಂದು ದಿನ ಕೆಂಪು. ಆಮೇಲೆ ನಲವತ್ತನಾಲ್ಕು. ಐವತ್ತೆಂಟು. ಎಪ್ಪತ್ತೊಂದು. ಅವಳ ಕೈಮೇಲೆ ಮೊದಲ ಸಲ ಹಸಿರು ಹತ್ತಿತು.

ಈಗ ಚೆನ್ನಾಗಿ ಅನ್ನಿಸಬೇಕಿತ್ತಲ್ಲ? ಅನ್ನಿಸಲಿಲ್ಲ. ಆ ವಾರದಷ್ಟು ಕೆಟ್ಟ ವಾರವನ್ನು ಅವಳು ಕಂಡಿರಲಿಲ್ಲ. ತಲೆ ಸಿಡಿಯುತ್ತಿತ್ತು, ಕೈಬೆರಳು ನಡುಗುತ್ತಿತ್ತು, ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿದಳು. ಹುಟ್ಟಿದಾಗಿನಿಂದ ದನಿ ಏರಿಸದವಳು ಅಪ್ಪನ ಮೇಲೆ ಕೂಗಾಡಿದಳು. ನೋಟ್‌ಬುಕ್ಕಿನಲ್ಲಿ ಐದು ಹೋಗಿ ಮೂರು ಬಂತು, ಎರಡು ಬಂತು.

'ಇದೇನಮ್ಮ ನಿನ್ನ ಲೆಕ್ಕ,' ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. 'ವಾಚು ಕೆಂಪು ಅಂದಾಗ ಐದು ಬರೀತಿದ್ದೆ. ಎಂಬತ್ತು ಅಂದಾಗ ಎರಡು ಬರೀತೀಯಲ್ಲ!'

ಫಿರ್ದೋಸ್ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಳು. 'ನಮ್ಮಬ್ಬಾ ಬೀಡಿ ಬಿಟ್ಟಾಗ ಹದಿನೈದು ದಿನ ಹಿಂಗೇ ಆಡ್ತಿದ್ರು ಸರ್. ಒಂದು ಸ್ಟೂಲು ಮುರಿದಾಕಿದ್ರು. ಇವ್ಳು ಬಾಯಿಗೆ ಬೀಡಿ ಇಡ್ದೇನೇ ಚಟ ಹತ್ತಿಸ್ಕೊಂಡವ್ಳೆ' ಎಂದಳು. ಎಲ್ಲರೂ ನಕ್ಕರು. ಉಷಾ ನಗಲಿಲ್ಲ. ತನ್ನದು ಎಂದು ತಿಳಿದುಕೊಂಡಿದ್ದ ಆ ಸಮಾಧಾನ, ಏನು ಕೇಳಿದರೂ ಏನಿಲ್ಲ ಎನ್ನುವ ಆ ತಣ್ಣನೆಯ ಒಳಗು, ಅದೂ ಸೊಪ್ಪಿನದ್ದೇ ಇರಬಹುದೆಂಬ ಯೋಚನೆ ಅವಳಿಗೆ ಆಗ ಬಂತು.

ಹತ್ತು ದಿನಕ್ಕೆ ತಲೆನೋವು ಬಿಟ್ಟಿತು, ಕೂಗಾಟ ನಿಂತಿತು. ಕಾಲು ಮಾತ್ರ ನೋಯಲು ಶುರುವಾಯಿತು. ಓಡಿ ಬಂದರೆ ತೊಡೆ ಬಿಗಿಯುತ್ತಿತ್ತು, ಹಿಮ್ಮಡಿ ಚುಚ್ಚುತ್ತಿತ್ತು, ಮಧ್ಯಾಹ್ನಕ್ಕೆ ಹಸಿವು ಕಿತ್ತು ತಿನ್ನುತ್ತಿತ್ತು. ಇಷ್ಟು ವರ್ಷ ಈ ಕಾಲು ನೋಯುತ್ತಲೇ ಇತ್ತೋ ಏನೋ, ಸುದ್ದಿ ಮೇಲಕ್ಕೆ ಬರುತ್ತಿರಲಿಲ್ಲ. ಜೊತೆಗೆ ಇನ್ನೂ ಒಂದು ಕಾಣಲು ಶುರುವಾಯಿತು. ಅವ್ವ ಸೊಪ್ಪಿನ ಮುಂದಿನಿಂದ ಏಳುವಾಗ ಗೋಡೆ ಹಿಡಿದು ಏಳುತ್ತಾಳೆ. ಎರಡು ಹೆಜ್ಜೆ ಇಟ್ಟು, ಏನೋ ಮರೆತವಳಂತೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಸಂಜೆ ಮುದ್ದೆ ಮುರಿದು ಬಾಯಿಗಿಟ್ಟು, 'ಕಹಿ ಕಣವ್ವ' ಎಂದು ಅರ್ಧಕ್ಕೇ ತಟ್ಟೆ ಸರಿಸುತ್ತಾಳೆ. ಇದೆಲ್ಲ ಮೊದಲೂ ಇತ್ತು. ಇಬ್ಬರ ಕೆಲಸವಾದ ಮೇಲೆ ಹೆಚ್ಚಾಯಿತು, ಅಷ್ಟೇ. ಉಷಾ ನೋಡಿದಳು, ನೋಡಿ ಓಡಲು ಹೋದಳು.

ನಲವತ್ತು ದಿನ ಮುಗಿದಾಗ ಅವಳ ಕೆಂಪು ಹದಿನೆಂಟು. ಮೇಷ್ಟ್ರು ಪಟ್ಟಿಯನ್ನು ಮೈಸೂರಿಗೆ ಕಳಿಸಿ, ಅವಳಿಗೂ ಫಿರ್ದೋಸಳಿಗೂ ಸೀಟು ಖಾತ್ರಿ ಎಂದು ಸಂಜೆಯೇ ಫೋನು ಮಾಡಿದರು. ವಾಚನ್ನು ಮರುದಿನ ತಂದುಕೊಡಬೇಕು. ಫೋನಿಟ್ಟು ಉಷಾ ಸುದ್ದಿ ಹೇಳಿದಾಗ ಗುರುಶಾಂತಮ್ಮ ದೇವರ ಗೂಡಿನಿಂದ ವಿಭೂತಿ ತಂದು ಮಗಳ ಹಣೆಗೆ ಹಚ್ಚಿದಳು. ಮೂರು ಕಪ್ಪು ಬೆರಳು ಮೂರು ಬಿಳಿ ಗೆರೆ ಎಳೆದವು. ಆಮೇಲೆ ಸಣ್ಣ ಹುಡುಗಿಯಂತೆ ನಾಚಿಕೊಂಡು ಕೇಳಿದಳು:

'ಇವತ್ತೊಂದಿನ ನನ್ ಕೈಗೂ ಕಟ್ಟವ್ವ ಅದ್ನ. ನಂಗೆಷ್ಟು ಮಾರ್ಕ್ಸು ಬತ್ತದೆ ನೋಡಾನ. ನಾನೂ ಮೂರ್ನೇ ಕ್ಲಾಸ್ಗಂಟ ಓದಿವ್ನಿ, ಒಂದ್ಸಲಾನೂ ಫೇಲಾಗಿಲ್ಲ.'

ಮಲಗುವ ಮುಂಚೆ ಉಷಾ ಕಟ್ಟಿದಳು. ಬೆಳಿಗ್ಗೆ ಎದ್ದು ಅವ್ವನ ಕೈಯಿಂದ ವಾಚು ಬಿಚ್ಚಿಕೊಂಡು ನೋಡಿದಳು. ನಿದ್ದೆಯಲ್ಲಿ ಎದೆಬಡಿತ ನಿಮಿಷಕ್ಕೆ ನೂರಾನಾಲ್ಕು. ಸೊಪ್ಪು ಬಿಟ್ಟ ಮೇಲೆ ಉಷಾಳದು ಐವತ್ತು ದಾಟುತ್ತಿರಲಿಲ್ಲ. ಕೆಳಗೆ ನಂಬರು: ಒಂಬತ್ತು. ಆ ನಲವತ್ತು ದಿನದಲ್ಲಿ ಆರು ಹುಡುಗಿಯರಲ್ಲಿ ಯಾರಿಗೂ, ಜ್ವರ ಬಂದು ಮಲಗಿದ್ದವಳಿಗೂ, ಒಂದೇ ಅಂಕೆಯ ನಂಬರು ಬಂದಿರಲಿಲ್ಲ.

ಗುರುಶಾಂತಮ್ಮ ಅಷ್ಟರಲ್ಲೇ ಹಿತ್ತಿಲಿಗೆ ಹೋಗಿ ಕೊಳವೆಬಾವಿಯ ಪಂಪು ಹಾಕಿದ್ದಳು. ನೀರು ಹಂಡೆಗೆ ದಬದಬ ಬೀಳುತ್ತಿತ್ತು. ಅಲ್ಲಿಂದಲೇ ಕೂಗಿದಳು: 'ಎಷ್ಟು ಬಂತವ್ವಾ?'

'ಒಂಬತ್ತು' ಎಂದಳು ಉಷಾ.

'ಎಷ್ಟೂ?'

'ಒಂಬತ್ತು.'

'ತೊಂಬತ್ತಾ!' ಗುರುಶಾಂತಮ್ಮ ಬಿಂದಿಗೆ ಕೆಳಗಿಟ್ಟು ಬಾಗಿಲಿಗೆ ಬಂದಳು. ಮುಖದಲ್ಲಿ ಅಂಥ ಬೆಳಕನ್ನು ಉಷಾ ನೋಡಿರಲಿಲ್ಲ, ಮಗಳಿಗೆ ಸೀಟು ಸಿಕ್ಕಾಗಲೂ ನೋಡಿರಲಿಲ್ಲ. 'ನೋಡ್ದಾ, ನಾನು ಯೋಳ್ಲಿಲ್ವಾ? ನಂಗೇನಾಗದೆ! ಏ ಕೇಳುದ್ರಾ, ನಿಮ್ ಮಗ್ಳಿಗಿಂತ ಜಾಸ್ತಿ ನಂಗೆ. ತೊಂಬತ್ತಂತೆ!'

ಸಿದ್ದಮಲ್ಲಪ್ಪ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದವನು ತಲೆ ಎತ್ತಿ ನಕ್ಕ. 'ಅಂಗಾರೆ ಮೈಸೂರ್ಗೆ ನೀನೇ ಓಗು' ಎಂದ.

ಉಷಾ ಬಾಯಿ ತೆರೆದಳು. 'ಅವ್ವ, ತೊಂಬತ್ತಲ್ಲ' ಎನ್ನಲು ಎರಡು ಪದ ಸಾಕಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಹದೇವಪ್ರಸಾದ್ ಮೇಷ್ಟ್ರು. ಅವರ ಫೋನಿಗೂ ಆ ನಂಬರು ಹೋಗಿತ್ತು.

'ಏನಾಯ್ತಮ್ಮ? ಒಂಬತ್ತು ಬಂದದಲ್ಲ! ಹುಷಾರಿದ್ದೀಯಾ? ಆಸ್ಪತ್ರೆಗೆ ಹೋಗು ಮೊದ್ಲು. ಅವರಿಗೆ ಗೊತ್ತಾದ್ರೆ ಮತ್ತೆ ಟೆಸ್ಟು ಅಂತಾರೆ.'

'ಅದು ಸರಿಯಾಗಿ ಕಟ್ಟಿರ್ಲಿಲ್ಲ ಸರ್. ಸುಮ್ನೆ ಬಂದಿರೋದು.'

'ಅಂಗಾ? ಅಯ್ಯಪ್ಪ, ಬುಡು ಮತ್ತೆ. ಸುಳ್ಳು ನಂಬರು.' ನಲವತ್ತು ದಿನ ಆ ಗಡಿಯಾರದ ಮಾತನ್ನು ವೇದವೆಂದುಕೊಂಡಿದ್ದ ಮೇಷ್ಟ್ರಿಗೆ ಅದನ್ನು ಸುಳ್ಳೆಂದು ಒಪ್ಪಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವರಿಗೂ ಅದು ಸುಳ್ಳಾಗುವುದೇ ಬೇಕಿತ್ತು.

ಗಡಿಯಾರ ಉಷಾಳ ಮೈಗೆ ಹೊಂದಿಕೊಂಡದ್ದು, ಇನ್ನೊಬ್ಬರಿಗೆ ಕಟ್ಟಿದರೆ ಲೆಕ್ಕ ಹೆಚ್ಚುಕಡಿಮೆಯಾಗಬಹುದು, ಇದು ನಿಜ. ಬಸ್ಸಿನಲ್ಲಿ ಹುಣಸೂರಿಗೆ ಹೋಗುವಾಗ ಅವಳು ಈ ನಿಜವನ್ನು ಹತ್ತಾರು ಸಲ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆದರೆ ನೂರಾನಾಲ್ಕು ಎಂಬುದು ಯಾರ ಮೈಗೂ ಹೊಂದಿಸಿದ ಲೆಕ್ಕವಲ್ಲ. ಅದು ಬರೀ ಎಣಿಕೆ. ಅದು ಅವಳಿಗೆ ಗೊತ್ತಿತ್ತು. ವಾಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಷ್ಟ್ರ ಕೈಗೆ ಕೊಟ್ಟು, ಮುಂದಿನ ವಾರ ಮೈಸೂರಿನ ಬಸ್ಸು ಹತ್ತಿದಳು.

ಕೇಂದ್ರದಲ್ಲಿ ಇಬ್ಬರಿಗೊಂದು ಕೋಣೆ, ಅವಳಿಗೆ ಫಿರ್ದೋಸಳೇ ಜೊತೆ. ಹಾಸಿಗೆ ಮೆತ್ತಗಿತ್ತು. ಬೆಳಿಗ್ಗೆ ಮೊಟ್ಟೆ, ಹಾಲು, ಬಾಳೆಹಣ್ಣು. ಕೈ ತೊಳೆದರೆ ನೀರು ಬೆಳ್ಳಗೇ ಹೋಗುತ್ತಿತ್ತು. ಕೈಮೇಲೆ ಹೊಸ ವಾಚು ದಿನವೂ ಎಂಬತ್ತು, ಎಂಬತ್ತೈದು ಎನ್ನುತ್ತಿತ್ತು. ನಾಲ್ಕನೇ ವಾರಕ್ಕೆ ಐದು ಸಾವಿರ ಮೀಟರಿನಲ್ಲಿ ಅವಳ ಸಮಯ ಹನ್ನೊಂದು ಸೆಕೆಂಡು ಇಳಿಯಿತು, ಕೋಚ್ ಎಲ್ಲರೆದುರು ಚಪ್ಪಾಳೆ ಹೊಡೆಸಿದರು. ಆ ಚಪ್ಪಾಳೆ ತನ್ನ ಪಕ್ಕದಲ್ಲಿ ನಿಂತ ಬೇರೆ ಯಾರಿಗೋ ಎಂಬಂತೆ ಉಷಾ ಕೇಳಿಸಿಕೊಂಡಳು. ಬಿಟ್ಟುಹೋಗಿದ್ದ ಮರಗಟ್ಟಿದ ಭಾವ ಸೊಪ್ಪಿಲ್ಲದೆಯೇ ವಾಪಸು ಬಂದಿತ್ತು. ಈ ಸಲ ಯಾವ ಎಲೆಯನ್ನೂ ದೂರುವಂತಿರಲಿಲ್ಲ.

ಭಾನುವಾರ ಮಾತ್ರ ಮನೆಗೆ ಫೋನು ಮಾಡಲು ಬಿಡುತ್ತಿದ್ದರು. ಸೆಪ್ಟೆಂಬರಿನ ಕೊನೆಯ ಭಾನುವಾರ, ಸಂಜೆಯ ಓಟಕ್ಕೆ ಹತ್ತು ನಿಮಿಷ ಇರುವಾಗ, ಮೈದಾನದ ಬೇಲಿಯ ಪಕ್ಕ ನಿಂತು ಮಾಡಿದಳು. ಗುರುಶಾಂತಮ್ಮನ ದನಿ ಸಣ್ಣಗಿತ್ತು, ನಡುನಡುವೆ ಉಸಿರಿಗೆ ನಿಲ್ಲುತ್ತಿತ್ತು.

'ಉಂಡಾ ಮಗಾ? ... ಇಲ್ಲಿ ಕ್ಯಾಮೆ ಜಾಸ್ತಿ ಕಣವ್ವ. ಪಕ್ಕದ್ಮನೆ ಚಿಕ್ಕಸಿದ್ದಮ್ಮಂಗೆ ತಲೆಸುತ್ತು, ಎದೆ ಒಡ್ಕತದಂತೆ. ಡಾಕುಟ್ರು ಸೊಪ್ಪು ಮುಟ್ಲೇಬ್ಯಾಡ ಅಂದವ್ರೆ. ಪಾಪ, ಸೊಪ್ಪು ಒಲ್ದಲ್ಲೇ ಕೊಳೀತದಲ್ಲ? ನಾನೇ ಒಪ್ಕಂಡೆ.'

'ಅವ್ಳದ್ನೂವಾ?'

'ಊಂ. ಅವ್ಳು ಬ್ಯಾಡ ಕಣಕ್ಕ, ನಿಂಗೂ ಆಗಲ್ಲ ಅಂದ್ಲು. ನಾನು ಯೋಳ್ದೆ, ನಿಂಗೊತ್ತಿಲ್ಲ ಸುಮ್ಕಿರು, ನನ್ ಮಗ್ಳು ವಾಚು ಕಟ್ಟಿ ನೋಡವ್ಳೆ, ನಂಗೆ ತೊಂಬತ್ತು ಅದೆ ಅಂತ.'

ಉಷಾ ಬೇಲಿಯ ತಂತಿ ಹಿಡಿದುಕೊಂಡಳು. ಎದೆ ಬಡಿದುಕೊಳ್ಳುತ್ತಿತ್ತು. ಹೆದರಿಕೆ ಅದು, ತಪ್ಪಿಲ್ಲದೆ ಗುರುತು ಸಿಕ್ಕಿತು.

'ಅವ್ವ, ಅದು ಒಂಬತ್ತು.'

'ಊಂ ಕಣವ್ವ, ತೊಂಬತ್ತು. ಅದ್ನೇ ತಾನೆ ನಾನೂ ಯೋಳ್ತಿರಾದು.'

ಇಲ್ಲಿ ಹಂಡೆಗೆ ಬೀಳುವ ನೀರಿರಲಿಲ್ಲ. ಗಾಳಿಯೂ ಇರಲಿಲ್ಲ. ಬಿಡಿಸಿ ಹೇಳಬಹುದಿತ್ತು: ಹತ್ತಕ್ಕೆ ಒಂದು ಕಡಿಮೆ ಕಣವ್ವ, ನೂರಕ್ಕೆ ಒಂಬತ್ತು, ನೀನು ಫೇಲು, ಇವತ್ತೇ ಕೈ ತೊಳ್ಕೋ. ಹೇಳಿದರೆ ಏನಾಗುತ್ತದೆ ಎಂಬುದನ್ನೂ ಅವಳು ಆ ಒಂದು ಗಳಿಗೆಯಲ್ಲಿ ಪೂರ್ತಿ ನೋಡಿದಳು. ಅವ್ವ ಕೈ ತೊಳೆದುಕೊಂಡರೆ ಆ ರಾಶಿಯ ಮುಂದೆ ಇನ್ನೊಬ್ಬರು ಕೂರಬೇಕು, ಮನೆಯಲ್ಲಿ ಇನ್ನೊಬ್ಬ ಹೆಂಗಸು ಎಂದರೆ ಅವಳೇ.

ಮೈದಾನದ ಆ ಕಡೆ ಕೋಚ್ ವಿಷಲ್ ಊದಿದರು. ಫಿರ್ದೋಸ್ ಕುಂಟುತ್ತ, ಬಯ್ಯುತ್ತ, ಗೆರೆಯ ಹತ್ತಿರ ಹೋಗಿ ನಿಂತಳು.

'ಕರೀತಾವ್ರೆ ಅವ್ವ. ಇಡ್ತೀನಿ' ಎಂದಳು ಉಷಾ.

'ಓಗು ಮಗ, ಓಗು. ಚೆನ್ನಾಗಿ ಓಡು' ಎಂದಳು ಗುರುಶಾಂತಮ್ಮ.